ಕಠಿಣ ಸಂಚಾರ ಕಾನೂನು ಮತ್ತು ರಸ್ತೆ ಸಾವುನೋವು

ವಾಹನ ನಡೆಸುವವರ ನಡವಳಿಕೆಯನ್ನು ಶಿಕ್ಷೆಯ ಭಯದಿಂದ ತಿದ್ದಿ, ರಸ್ತೆಯಲ್ಲಿ ಆಗುವ ಸಾವುನೋವನ್ನು ತಗ್ಗಿಸಲು ಸರ್ಕಾರಗಳು ತರುವ ಕಾನೂನುಗಳು ಹಾಗೂ ಅವುಗಳ ಫಲಿತಾಂಶ ಈ ಲೇಖನದ ವಸ್ತು. ವೇಗಮಿತಿ, ಕುಡಿದು ಚಾಲನೆಗೆ ತಡೆ, ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಕಡ್ಡಾಯ, ಲೈಸೆನ್ಸ್ ಅಮಾನತು, ದಂಡದ ಹೆಚ್ಚಳ ಇವು ಇಂಥ ಕಾನೂನಿನ ಮುಖ್ಯ ಬಗೆಗಳು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಕರ್ನಾಟಕದವರು 11,702. ಕಾನೂನು ಬಿಗಿಯಾದರೆ ಈ ಸಂಖ್ಯೆ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಎಂಟು ದಶಕಗಳ ಅನುಭವ ಕೊಡುವ ಉತ್ತರ ಹೌದು ಎಂದೇ. ಆದರೆ ಯಾವ ಕಾನೂನು, ಅದನ್ನು ಜಾರಿ ಮಾಡುವವರು ಯಾರು, ಎಷ್ಟು ದಿನ ಬಿಡದೆ ಮಾಡುತ್ತಾರೆ ಎಂಬುದರ ಮೇಲೆ ಆ ಹೌದಿನ ಬೆಲೆ ನಿಂತಿದೆ. ದಂಡದ ಮೊತ್ತದ ಪಾತ್ರ ಜನ ಅಂದುಕೊಂಡಷ್ಟು ದೊಡ್ಡದಲ್ಲ.

ಅಳತೆಯ ತೊಡಕು

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1955ರಲ್ಲಿ 324 ಜನ ರಸ್ತೆಯಲ್ಲಿ ಸತ್ತರು. ಗವರ್ನರ್ ಅಬ್ರಹಾಂ ರಿಬಿಕಾಫ್ ಅತಿವೇಗದ ಮೇಲೆ ಸಮರ ಸಾರಿದರು. ಮೊದಲ ಬಾರಿ ಸಿಕ್ಕಿಬಿದ್ದರೆ ಲೈಸೆನ್ಸ್ 30 ದಿನ ಅಮಾನತು, ಎರಡನೇ ಸಲ 60 ದಿನ, ಮೂರನೇ ಸಲ ಅನಿರ್ದಿಷ್ಟಾವಧಿ. 1956ರಲ್ಲಿ ಸಾವು 284ಕ್ಕೆ ಇಳಿಯಿತು. ನಲವತ್ತು ಜೀವ ಉಳಿಸಿದೆವು ಎಂದು ಗವರ್ನರ್ ಹೇಳಿಕೊಂಡರು, ಪತ್ರಿಕೆಗಳು ಬರೆದವು.

ಹನ್ನೆರಡು ವರ್ಷಗಳ ಬಳಿಕ, 1968ರಲ್ಲಿ, ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಲಾರೆನ್ಸ್ ರಾಸ್ ಎಂಬ ಇಬ್ಬರು ವಿದ್ವಾಂಸರು ಹಿಂದುಮುಂದಿನ ವರ್ಷಗಳ ಅಂಕಿಗಳನ್ನೂ ಅಕ್ಕಪಕ್ಕದ ರಾಜ್ಯಗಳ ಅಂಕಿಗಳನ್ನೂ ಜೊತೆಗಿಟ್ಟು ನೋಡಿದರು. 1955 ಆ ರಾಜ್ಯಕ್ಕೆ ವಿಪರೀತ ಕೆಟ್ಟ ವರ್ಷವಾಗಿತ್ತು. ಅಂಥ ವರ್ಷದ ಮರುವರ್ಷ ಯಾರೂ ಏನೂ ಮಾಡದಿದ್ದರೂ ಸಂಖ್ಯೆ ಸರಾಸರಿಯ ಕಡೆಗೆ ಇಳಿಯುವ ಸಂಭವವೇ ಹೆಚ್ಚು. ಸರ್ಕಾರಗಳು ಕಾನೂನು ಬಿಗಿ ಮಾಡುವುದೂ ಕೆಟ್ಟ ವರ್ಷದ ಬೆನ್ನಿಗೇ ಆದ್ದರಿಂದ, ಇಳಿಕೆಯ ಶ್ರೇಯಸ್ಸೆಲ್ಲ ಕಾನೂನಿನ ಖಾತೆಗೆ ಜಮೆಯಾಗಿಬಿಡುತ್ತದೆ. ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಶಿಕ್ಷೆ ಜೋರಾದ ಮೇಲೆ ನ್ಯಾಯಾಲಯಗಳು ಹೆಚ್ಚು ಜನರನ್ನು ನಿರಪರಾಧಿಗಳೆಂದು ಬಿಟ್ಟುಕಳಿಸತೊಡಗಿದ್ದವು. ಲೈಸೆನ್ಸ್ ಅಮಾನತಾದವರು ಅದಿಲ್ಲದೆಯೇ ಕಾರು ಓಡಿಸಿ ಸಿಕ್ಕಿಬೀಳುವುದು ಹೆಚ್ಚಿತ್ತು. ಕಾನೂನು ಮೇಲಿನಿಂದ ಒತ್ತಿದರೆ ವ್ಯವಸ್ಥೆ ಪಕ್ಕದಿಂದ ಉಬ್ಬುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾಗಿ ದಾಖಲಾದ ಪ್ರಸಂಗ ಅಪರೂಪ.

ಅಳತೆಗೆ ಬೇರೆ ಅಡ್ಡಿಗಳೂ ಇವೆ. ಅಮೆರಿಕ 1974ರಲ್ಲಿ ದೇಶವಿಡೀ ಗಂಟೆಗೆ 55 ಮೈಲಿಯ ಮಿತಿ ಹಾಕಿದ ವರ್ಷ ರಸ್ತೆ ಸಾವು 54,052ರಿಂದ 45,196ಕ್ಕೆ ಕುಸಿಯಿತು. ಆದರೆ ಆ ಮಿತಿ ಬಂದದ್ದೇ ತೈಲ ಬಿಕ್ಕಟ್ಟಿನಿಂದ. ಪೆಟ್ರೋಲು ದುಬಾರಿಯಾಗಿ ಜನ ಕಾರು ಹೊರತೆಗೆಯುವುದೇ ಕಡಿಮೆಯಾಗಿತ್ತು. ಇಳಿಕೆಯಲ್ಲಿ ಮಿತಿಯ ಪಾಲೆಷ್ಟು, ಪೆಟ್ರೋಲಿನ ಪಾಲೆಷ್ಟು ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಭಾರತದಲ್ಲಿ ಲೆಕ್ಕ ಶುರುವಾಗುವುದೇ ಪೊಲೀಸ್ ಠಾಣೆಯ ಎಫ್‌ಐಆರ್‌ನಿಂದ. ದೂರು ದಾಖಲಾಗದ ಅಪಘಾತ, ಆಸ್ಪತ್ರೆಯಲ್ಲಿ ವಾರಗಟ್ಟಲೆ ನರಳಿ ಆಮೇಲೆ ಸತ್ತವರು ಎಷ್ಟೋ ಸಲ ಈ ಲೆಕ್ಕದಿಂದ ತಪ್ಪಿಹೋಗುತ್ತಾರೆ. 2021ಕ್ಕೆ ಸರ್ಕಾರಿ ಸಂಖ್ಯೆ 1,53,972 ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 2 ಲಕ್ಷ ದಾಟುತ್ತದೆ. ಗಾಯಾಳುಗಳ ಸಂಖ್ಯೆಯಂತೂ ಇನ್ನಷ್ಟು ಮಸುಕು.

ಮದ್ಯ: ಸಿಕ್ಕಿಬೀಳುವ ಭಯ

ರಕ್ತದಲ್ಲಿ ಇಷ್ಟು ಪ್ರಮಾಣದ ಮದ್ಯವಿದ್ದರೆ ಅಪರಾಧ ಎಂದು ಅಂಕಿಯಲ್ಲಿ ಗೆರೆ ಎಳೆದ ಮೊದಲ ದೇಶ ನಾರ್ವೆ, 1936ರಲ್ಲಿ. ಪರಿಣಾಮವನ್ನು ಸೂಕ್ಷ್ಮವಾಗಿ ಅಳೆಯಲು ಸಾಧ್ಯವಾದದ್ದು ಮಾತ್ರ ಬ್ರಿಟನ್ನಿನಲ್ಲಿ. ಅಲ್ಲಿನ ರಸ್ತೆ ಸುರಕ್ಷತಾ ಕಾಯ್ದೆ 1967ರ ಅಕ್ಟೋಬರ್ 9ರಂದು ಜಾರಿಗೆ ಬಂತು. 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಮದ್ಯದ ಮಿತಿ, ರಸ್ತೆ ಬದಿಯಲ್ಲೇ ಉಸಿರಿನ ಪರೀಕ್ಷೆ. ಕಾನೂನು ತಂದ ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್ ಸ್ವತಃ ಕಾರು ಓಡಿಸುತ್ತಿರಲಿಲ್ಲ. ವಿರೋಧಿಗಳು ಇದನ್ನು ಆಡಿಕೊಳ್ಳದೆ ಬಿಡಲಿಲ್ಲ.

ಕನೆಕ್ಟಿಕಟ್ ಅಧ್ಯಯನದ ಲಾರೆನ್ಸ್ ರಾಸ್ ಇಲ್ಲೂ ಕೈಹಾಕಿದರು. ಅವರು ಹಿಡಿದ ದಾರಿ ಜಾಣತನದ್ದು. ಆಗ ಬ್ರಿಟನ್ನಿನ ಪಬ್‌ಗಳು ಗೊತ್ತಾದ ಹೊತ್ತಿನಲ್ಲಷ್ಟೇ ತೆರೆಯುತ್ತಿದ್ದವು. ಜನ ಕೆಲಸಕ್ಕೆ ಹೋಗಿಬರುವ, ಪಬ್ ಮುಚ್ಚಿರುವ ವೇಳೆಯ ಅಪಘಾತಗಳನ್ನೂ ವಾರಾಂತ್ಯದ ರಾತ್ರಿಯ ಅಪಘಾತಗಳನ್ನೂ ಅವರು ಬೇರೆಬೇರೆಯಾಗಿ ಎಣಿಸಿದರು. ಕಾನೂನಿನ ಬೆನ್ನಲ್ಲೇ ವಾರಾಂತ್ಯದ ರಾತ್ರಿಗಳ ಸಾವು ಮತ್ತು ತೀವ್ರ ಗಾಯ ಸುಮಾರು ಮೂರನೇ ಎರಡರಷ್ಟು ಕಡಿಮೆಯಾದವು. ಪಬ್ ಮುಚ್ಚಿರುವ ಹೊತ್ತಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇಳಿಸಿದ್ದು ಕಾನೂನೇ ಎನ್ನಲು ಇನ್ನೇನು ಬೇಕು? ಆದರೆ ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ಲಾಭ ಕರಗುತ್ತ ಹೋಯಿತು. ಹೊಸ ಕಾನೂನಿನ ಸುದ್ದಿ, ಗುಲ್ಲು ನೋಡಿ ಸಿಕ್ಕೇಬೀಳುತ್ತೇವೆ ಎಂದು ಹೆದರಿದ್ದ ಚಾಲಕರಿಗೆ, ರಸ್ತೆಯಲ್ಲಿ ಪೊಲೀಸರು ಊದಿಸುವುದು ಅಪರೂಪ ಎಂಬುದು ಕ್ರಮೇಣ ಗೊತ್ತಾಯಿತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಈ ಪಾಠವನ್ನು ಗಮನಿಸಿತ್ತು. 1982ರ ಡಿಸೆಂಬರ್ 17ರಿಂದ ಅಲ್ಲಿ ಯಾರ ಮೇಲೂ ಸಂಶಯವಿರದಿದ್ದರೂ ಯಾವ ಚಾಲಕನನ್ನಾದರೂ ನಿಲ್ಲಿಸಿ ಊದಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಅದನ್ನು ಅವರು ಬಳಸಿದರು ಎಂಬುದೇ ಮುಖ್ಯ: ಮೊದಲ ವರ್ಷದಲ್ಲಿ ಸುಮಾರು ಮೂವರು ಚಾಲಕರಿಗೆ ಒಬ್ಬರಂತೆ ಪರೀಕ್ಷೆಯಾಯಿತು. ರಾಜ್ಯದ ರಸ್ತೆ ಸಾವು 1982ರ 1,253ರಿಂದ 1983ರಲ್ಲಿ 966ಕ್ಕೆ ಇಳಿಯಿತು. ಪರೀಕ್ಷೆ ವರ್ಷಗಟ್ಟಲೆ ಬಿಡದೆ ಮುಂದುವರಿದ ಕಾರಣ ಬ್ರಿಟನ್ನಿನಂತೆ ಇಲ್ಲಿ ಲಾಭ ಸೋರಿಹೋಗಲಿಲ್ಲ.

ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರದ ಸಾಕ್ಷ್ಯ ರಾಜಸ್ಥಾನದ್ದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಡೇನಿಯಲ್ ಕೆನಿಸ್ಟನ್ ಅವರು ಐಪಿಎಸ್ ಅಧಿಕಾರಿ ನೀನಾ ಸಿಂಗ್ ಜೊತೆ ಸೇರಿ ಅಲ್ಲಿನ ಠಾಣೆಗಳಲ್ಲಿ ಪ್ರಯೋಗವೊಂದನ್ನು ನಡೆಸಿದರು. ಯಾವ ಠಾಣೆಯಲ್ಲಿ ಯಾವ ಬಗೆಯ ತಪಾಸಣೆ ಎಂಬುದನ್ನು ಲಾಟರಿಯಂತೆ ಆರಿಸಲಾಯಿತು. ಕೆಲವು ಠಾಣೆಗಳ ವ್ಯಾಪ್ತಿಯಲ್ಲಿ ಕುಡಿದು ಓಡಿಸುವವರನ್ನು ಹಿಡಿಯುವ ನಾಕಾ ಪ್ರತಿ ಸಲ ಒಂದೇ ಜಾಗದಲ್ಲಿ, ಇನ್ನು ಕೆಲವಲ್ಲಿ ಮೂರು ಜಾಗಗಳ ನಡುವೆ ಬದಲಾಗುತ್ತ. ಪೊಲೀಸ್ ವಾಹನಗಳಿಗೆ ಜಿಪಿಎಸ್ ಕಟ್ಟಿ, ನಾಕಾ ನಿಜಕ್ಕೂ ನಡೆಯಿತೇ ಎಂದೂ ನೋಡಿದರು. ಜಾಗ ಬದಲಿಸುತ್ತಿದ್ದ ಕಡೆ ರಾತ್ರಿಯ ಅಪಘಾತ ಶೇ 17ರಷ್ಟು, ರಾತ್ರಿಯ ಸಾವು ಶೇ 25ರಷ್ಟು ಇಳಿದವು. ಒಂದೇ ಜಾಗದಲ್ಲಿ ನಿಂತ ಕಡೆ ಗಮನಿಸುವಂಥ ಪರಿಣಾಮವೇ ಇಲ್ಲ. ಪೊಲೀಸರು ನಿಲ್ಲುವ ಜಾಗ ಊರಿಗೆಲ್ಲ ಗೊತ್ತಾಗಿ ಜನ ಬಳಸುದಾರಿ ಹಿಡಿದಿದ್ದರು. ಕಾನೂನು ಎರಡೂ ಕಡೆ ಒಂದೇ, ದಂಡವೂ ಒಂದೇ. ಎದುರಿನಿಂದ ಬರುವ ಲಾರಿ ಹೆಡ್‌ಲೈಟ್ ಮಿಣುಕಿಸಿ 'ಮುಂದೆ ಪೊಲೀಸರಿದ್ದಾರೆ' ಎಂದು ಹೇಳಿಹೋಗುವುದನ್ನು ಕಂಡವರಿಗೆ ಈ ಫಲಿತಾಂಶ ಆಶ್ಚರ್ಯ ತರಲಾರದು.

ಮಿತಿಯನ್ನೇ ಬಿಗಿ ಮಾಡಿ ಲಾಭ ಕಂಡ ಉದಾಹರಣೆಗಳೂ ಉಂಟು. ಅಮೆರಿಕದ ಯೂಟಾ ರಾಜ್ಯ 2018ರ ಡಿಸೆಂಬರ್ 30ರಿಂದ ಮಿತಿಯನ್ನು ಶೇ 0.08ರಿಂದ 0.05ಕ್ಕೆ ಇಳಿಸಿತು, 2016ಕ್ಕೆ ಹೋಲಿಸಿದರೆ 2019ರಲ್ಲಿ ಮಾರಕ ಅಪಘಾತಗಳ ದರ ಸುಮಾರು ಶೇ 20ರಷ್ಟು ಕಡಿಮೆಯಾಯಿತು. ಭಾರತದ ಮಿತಿ ಇದಕ್ಕಿಂತ ಬಿಗಿ: 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಪುಸ್ತಕದ ಮೇಲಿನ ಬಿಗಿ ರಸ್ತೆಯಲ್ಲಿ ಕಾಣದಿರಲು ಕಾರಣ ಊದಿಸುವ ಯಂತ್ರಗಳ ಮತ್ತು ಸಿಬ್ಬಂದಿಯ ಕೊರತೆ. ದೊಡ್ಡ ನಗರಗಳ ಶುಕ್ರವಾರ, ಶನಿವಾರದ ರಾತ್ರಿ ಬಿಟ್ಟರೆ ತಪಾಸಣೆ ವಿರಳ.

ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್

ಕಾನೂನಿಗೂ ಜೀವ ಉಳಿಯುವುದಕ್ಕೂ ಇರುವ ಅಂತರ ಇಲ್ಲಿ ಬಲು ಕಿರಿದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು ಶೇ 42ರಷ್ಟು, ತಲೆಯ ಗಾಯವನ್ನು ಶೇ 69ರಷ್ಟು ತಗ್ಗಿಸುತ್ತದೆ. ಚಾಲಕ ಒಳ್ಳೆಯವನಾಗಬೇಕೆಂದು ಈ ಕಾನೂನು ಕೇಳುವುದಿಲ್ಲ, ತಲೆಗೊಂದು ಚಿಪ್ಪು ಹಾಕಿಕೊಳ್ಳಲಿ ಎನ್ನುತ್ತದೆ, ಅಷ್ಟೇ.

ವಿಯೆಟ್ನಾಂ 2007ರ ಡಿಸೆಂಬರ್ 15ರಂದು ಎಲ್ಲ ರಸ್ತೆಗಳಲ್ಲಿ, ಸವಾರ ಹಾಗೂ ಹಿಂಬದಿ ಸವಾರ ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಅದಕ್ಕೆ ಮೊದಲು ಇದ್ದ ಅರೆಬರೆ ನಿಯಮಗಳನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಈ ಸಲ ಮೊದಲ ದಿನದಿಂದಲೇ ಪೊಲೀಸರು ನಿಂತರು, ಬಳಕೆ ಕೆಲವೇ ದಿನಗಳಲ್ಲಿ ಶೇ 90 ದಾಟಿತು. ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಗೆ ಬಂದ ಗಾಯಾಳುಗಳಲ್ಲಿ ತಲೆಗೆ ಪೆಟ್ಟಾಗುವ ಸಂಭವ ಶೇ 16ರಷ್ಟು, ಸಾವಿನ ಸಂಭವ ಶೇ 18ರಷ್ಟು ತಗ್ಗಿದ್ದು ಕಂಡುಬಂತು.

ಅಮೆರಿಕ ಇದನ್ನು ಹಿಂದುಮುಂದಾಗಿ ನಡೆದು ತೋರಿಸಿತು. ಕೇಂದ್ರದ ಅನುದಾನ ಕೈತಪ್ಪುವ ಭಯದಿಂದ 1975ರ ಹೊತ್ತಿಗೆ 47 ರಾಜ್ಯಗಳು ಎಲ್ಲ ಬೈಕ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದವು. 1976ರಲ್ಲಿ ಸಂಸತ್ತು ಆ ಷರತ್ತನ್ನು ಕೈಬಿಟ್ಟಿತು. ಕೆಲವೇ ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಕಾನೂನನ್ನು ರದ್ದು ಮಾಡಿದವು ಅಥವಾ ಸಡಿಲಿಸಿದವು. ಬೈಕ್ ಸವಾರರ ಸಾವು ಏರಿತು. ಕಾನೂನು ತಂದಾಗ ಇಳಿದದ್ದು, ತೆಗೆದಾಗ ಏರಿದ್ದು ಎರಡೂ ಒಂದೇ ದೇಶದಲ್ಲಿ ದಾಖಲಾದ ಕಾರಣ ಹೆಲ್ಮೆಟ್ ಕುರಿತ ವಾದ ವಿದ್ವತ್ ವಲಯದಲ್ಲಿ ಅಲ್ಲಿಗೇ ಮುಗಿದಿದೆ ಎನ್ನಬಹುದು. ಪಶ್ಚಿಮ ಜರ್ಮನಿಯಿಂದ ಒಂದು ಮೋಜಿನ ಉಪಫಲವೂ ವರದಿಯಾಗಿದೆ: 1980ರಲ್ಲಿ ಹೆಲ್ಮೆಟ್ ಇಲ್ಲದವರಿಗೆ ಸ್ಥಳದಲ್ಲೇ ದಂಡ ಶುರುವಾದ ಮೇಲೆ ಬೈಕ್ ಕಳವು ಆರು ವರ್ಷಗಳಲ್ಲಿ ಸುಮಾರು ಮೂರನೇ ಒಂದಕ್ಕೆ ಕುಸಿಯಿತು. ಕಂಡ ಬೈಕನ್ನು ಆ ಕ್ಷಣಕ್ಕೆ ಎಗರಿಸುವ ಕಳ್ಳನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲವಲ್ಲ.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿ ಜಾರಿಯಾದದ್ದು 2016ರ ಜನವರಿಯಲ್ಲಿ. ಅದಕ್ಕೆ ಎಷ್ಟೋ ಮೊದಲಿನಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತು ಸಹೋದ್ಯೋಗಿಗಳು ತಲೆಗೆ ಪೆಟ್ಟಾಗಿ ಬರುವವರ ದಾಖಲೆಗಳನ್ನು ಮುಂದಿಟ್ಟು ಹೆಲ್ಮೆಟ್ ಕಾನೂನಿಗಾಗಿ ವಾದಿಸುತ್ತ ಬಂದಿದ್ದರು. ಇಂದು ಬೆಂಗಳೂರಿನ ಯಾವುದೇ ಸಿಗ್ನಲ್‌ನಲ್ಲಿ ನಿಂತರೆ ಕಾನೂನಿನ ಗೆಲುವೂ ಸೋಲೂ ಒಟ್ಟಿಗೇ ಕಾಣುತ್ತವೆ. ಹೆಚ್ಚಿನವರ ತಲೆಯ ಮೇಲೆ ಏನೋ ಒಂದಿದೆ. ಹತ್ತಿರ ಹೋಗಿ ನೋಡಿದರೆ ಕೆಲವರದು ಟೋಪಿಯಂಥ ಅರ್ಧ ಹೆಲ್ಮೆಟ್, ಕೆಲವರದು ಗದ್ದದ ಪಟ್ಟಿ ಕಟ್ಟದೆ ಜೋತುಬಿದ್ದದ್ದು. ಬಿದ್ದ ಕ್ಷಣ ತಲೆಗಿಂತ ಮೊದಲು ಅದೇ ಹಾರಿಹೋಗುತ್ತದೆ. ಐಎಸ್‌ಐ ಮುದ್ರೆಯಿಲ್ಲದ ಹೆಲ್ಮೆಟ್ ತಯಾರಿ, ಮಾರಾಟಕ್ಕೆ 2021ರ ಜೂನ್ 1ರಿಂದ ನಿಷೇಧವಿದ್ದರೂ ಅವು ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತವೆ. ಕ್ಯಾಮೆರಾ ತಪ್ಪಿಸಲು ತೊಟ್ಟ ಹೆಲ್ಮೆಟ್ ಇವು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರೆಂದು ದಾಖಲಾದವರು 50,029; ಅದರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು.

ಸೀಟ್ ಬೆಲ್ಟನ್ನು ಮೊದಲು ಕಡ್ಡಾಯ ಮಾಡಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1970ರ ಡಿಸೆಂಬರ್‌ನಲ್ಲಿ. ಬೆಲ್ಟು ಹಾಕಿದ ಚಾಲಕ ಧೈರ್ಯ ಹೆಚ್ಚಿ ಇನ್ನೂ ಜೋರಾಗಿ ಓಡಿಸುತ್ತಾನೆ, ಒಳಗಿನವರಿಗೆ ಆದ ಲಾಭವನ್ನು ಪಾದಚಾರಿಗಳು ತೆರಬೇಕಾಗುತ್ತದೆ ಎಂದು ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಜ್‌ಮನ್ 1975ರಲ್ಲಿ ವಾದಿಸಿದರು. ಚುರುಕಾದ ವಾದ, ಅರ್ಥಶಾಸ್ತ್ರದ ತರಗತಿಗಳಲ್ಲಿ ಇನ್ನೂ ಜೀವಂತವಾಗಿದೆ. ಆದರೆ ಬೆಲ್ಟು ಕಡ್ಡಾಯವಾದ ದೇಶಗಳ ಅನುಭವ ಅದನ್ನು ಆ ಪ್ರಮಾಣದಲ್ಲಿ ಎತ್ತಿಹಿಡಿದಿಲ್ಲ. ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿದವರಿಗೆ ಸಾವಿನ ಸಂಭವ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಒಪ್ಪಿತ ಸಂಗತಿ. ಭಾರತದಲ್ಲಿ ಹಿಂದಿನ ಸೀಟಿನವರೂ ಬೆಲ್ಟು ಹಾಕಬೇಕೆಂಬ ನಿಯಮ ಬಹಳ ಹಿಂದಿನಿಂದ ಇತ್ತು. ಅದು ಸುದ್ದಿಯಾಗಲು 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಸಾಯಬೇಕಾಯಿತು.

ವೇಗ

ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಸೂತ್ರದಂತೆ ಸರಾಸರಿ ವೇಗ ಶೇ 1ರಷ್ಟು ಏರಿದರೆ ಮಾರಕ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ. ಸ್ವೀಡನ್ನಿನ ಯೋರಾನ್ ನಿಲ್ಸನ್ ವೇಗಮಿತಿ ಬದಲಾದ ರಸ್ತೆಗಳ ಅಂಕಿಗಳಿಂದ ಕಟ್ಟಿದ ಮಾದರಿ ಇದರ ಮೂಲ. ಸಣ್ಣ ಇಳಿಕೆಗೂ ದೊಡ್ಡ ಫಲ ಇರುವುದರಿಂದ ಸುರಕ್ಷತಾ ತಜ್ಞರು ಬೇರೆಲ್ಲ ಬಿಟ್ಟು ವೇಗವನ್ನೇ ಹಿಡಿಯುತ್ತಾರೆ. ಫ್ರಾನ್ಸ್ 2003ರಿಂದ ಸ್ವಯಂಚಾಲಿತ ಕ್ಯಾಮೆರಾಗಳನ್ನು ಹರಡತೊಡಗಿದ ಮೇಲೆ ಅಲ್ಲಿನ ರಸ್ತೆ ಸಾವು ಕೆಲವೇ ವರ್ಷಗಳಲ್ಲಿ ಬಹುವಾಗಿ ಇಳಿಯಿತು. ಕ್ಯಾಮೆರಾ ಯಾರ ಪರಿಚಯವನ್ನೂ ಕೇಳುವುದಿಲ್ಲ, 'ಸಾರ್, ಇದೊಂದ್ಸಲ ಬಿಟ್ಬಿಡಿ' ಎಂದರೆ ಕರಗುವುದೂ ಇಲ್ಲ.

ಹತ್ತಿರದ ಪ್ರಸಂಗ ಬೆಂಗಳೂರು–ಮೈಸೂರು ಹೆದ್ದಾರಿಯದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ರಸ್ತೆಯಲ್ಲಿ ಆ ವರ್ಷದ ಮೊದಲ ಆರು ತಿಂಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಪೊಲೀಸರು ರೇಡಾರ್ ಗನ್ ಹಿಡಿದು ನಿಂತರು, ಗಂಟೆಗೆ 100 ಕಿಲೋಮೀಟರ್ ಮಿತಿಯನ್ನು ಜಾರಿ ಮಾಡಿದರು. ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ನಿಂತಿತು, ಆಮೇಲೆ ಕ್ಯಾಮೆರಾಗಳು ಬಂದವು. ಸಾವು ಎದ್ದುಕಾಣುವಷ್ಟು ಇಳಿಯಿತು. ಕನೆಕ್ಟಿಕಟ್‌ನ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ: ಆರಂಭದ ತಿಂಗಳುಗಳು ವಿಪರೀತ ಕೆಟ್ಟವಾಗಿದ್ದವು, ಕ್ರಮಗಳೆಲ್ಲ ಒಂದರ ಮೇಲೊಂದು ಬಿದ್ದವು. ವೇಗದ ಕಾನೂನಿಗೆ ಎಷ್ಟು ಪಾಲು, ಬೈಕ್‌ಗಳು ಸರ್ವಿಸ್ ರಸ್ತೆಗೆ ಇಳಿದದ್ದಕ್ಕೆ ಎಷ್ಟು ಎಂದು ಬಿಡಿಸುವುದು ಕಷ್ಟ. ಅಷ್ಟಾದರೂ, ಅಷ್ಟು ಕಡಿಮೆ ಸಮಯದಲ್ಲಿ ಅಷ್ಟು ದೊಡ್ಡ ಇಳಿಕೆಯನ್ನು ಕೇವಲ ಆಕಸ್ಮಿಕ ಎನ್ನಲು ಬರುವುದಿಲ್ಲ.

2019ರ ತಿದ್ದುಪಡಿ

ಭಾರತದ ಮೋಟಾರು ವಾಹನ ಕಾಯ್ದೆ 1988ರದು. ಅದರ ದಂಡಗಳು ಕಾಲದ ಜೊತೆ ಸವೆದು ಚಿಲ್ಲರೆಯಾಗಿದ್ದವು. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಅವನ್ನು ಒಂದೇ ಏಟಿಗೆ ಎತ್ತರಿಸಿತು: ಹೆಲ್ಮೆಟ್ ಇಲ್ಲದಿದ್ದರೆ 100 ರೂಪಾಯಿ ಇದ್ದದ್ದು 1,000 ಮತ್ತು ಮೂರು ತಿಂಗಳ ಲೈಸೆನ್ಸ್ ಅನರ್ಹತೆ, ಕುಡಿದು ಓಡಿಸಿದರೆ 2,000ದಿಂದ 10,000, ಲೈಸೆನ್ಸ್ ಇಲ್ಲದಿದ್ದರೆ 500ರಿಂದ 5,000. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮೊದಲ ವಾರಗಳಲ್ಲಿ ಎಮಿಷನ್ ಟೆಸ್ಟ್ ಕೇಂದ್ರಗಳ ಮುಂದೆ ಮೈಲುದ್ದದ ಸಾಲು, ಹೆಲ್ಮೆಟ್ ಅಂಗಡಿಗಳಲ್ಲಿ ನೂಕುನುಗ್ಗಲು. ಬ್ರಿಟನ್ನಿನ 1967ರ ಭಯವೇ ಇಲ್ಲೂ ಕೆಲಸ ಮಾಡಿತ್ತು.

ಮೂರು ವಾರ ತುಂಬುವಷ್ಟರಲ್ಲಿ ರಾಜ್ಯಗಳು ಹಿಂದೆಗೆದವು. ಗುಜರಾತ್ ಮೊದಲು, ಅದೇ ತಿಂಗಳು ಕರ್ನಾಟಕವೂ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ದಂಡ ಇಲ್ಲಿ 500ಕ್ಕೆ ಬಂತು. ಆ ಕಾಯ್ದೆಯ ಪರಿಣಾಮವನ್ನು ಅಂಕಿಗಳಲ್ಲಿ ಹುಡುಕಲು ಹೊರಟರೆ ದಾರಿ ಸಿಗುವುದಿಲ್ಲ. ಮೊದಲು ಪ್ರಕಟವಾದ ಅಂಕಿಗಳಂತೆ 2018ರಲ್ಲಿ ಸತ್ತವರು 1,51,417, 2019ರಲ್ಲಿ 1,51,113. 2020ರ 1,31,714 ಲಾಕ್‌ಡೌನ್ ತಂದ ಇಳಿಕೆ. 2022ರ ಸಂಖ್ಯೆ ಹಳೆಯದನ್ನೆಲ್ಲ ಮೀರಿತು. ವಾಹನಗಳ ಸಂಖ್ಯೆಯೂ ಬೆಳೆದಿದೆ ಎಂಬುದನ್ನು ನೆನಪಿಟ್ಟರೂ, ದೇಶದ ಮಟ್ಟದಲ್ಲಿ ಹತ್ತು ಪಟ್ಟು ದಂಡ ಸಾವನ್ನು ಇಳಿಸಿತು ಎನ್ನಲು ಆಧಾರವಿಲ್ಲ.

ದಂಡದ ದೊಡ್ಡ ಮೊತ್ತಕ್ಕೆ ತನ್ನದೇ ಅಪಾಯವಿದೆ. ಮೊತ್ತ ಏರಿದಷ್ಟೂ ಸ್ಥಳದಲ್ಲೇ 'ಅಡ್ಜಸ್ಟ್' ಮಾಡಿಕೊಳ್ಳುವ ಆಸೆ ಇಬ್ಬರಿಗೂ ಏರುತ್ತದೆ. ಕ್ಯಾಮೆರಾ ಈ ಬಾಗಿಲನ್ನು ಮುಚ್ಚಿತು, ಆದರೆ ವಸೂಲಿಯ ದಾರಿ ತೋರಿಸಲಿಲ್ಲ. ಬಾಕಿ ಬೆಟ್ಟವಾಗಿ ಬೆಳೆದಾಗ ಕರ್ನಾಟಕ ಸರ್ಕಾರ 2023ರ ಫೆಬ್ರುವರಿಯಲ್ಲಿ ಅರ್ಧ ಕಟ್ಟಿದರೆ ಸಾಕು ಎಂದಿತು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಹರಿದುಬಂತು, ಆ ಸಂಭ್ರಮದಲ್ಲಿ ರಿಯಾಯಿತಿ ಮತ್ತೆ ಮತ್ತೆ ಬಂತು. ಬೊಕ್ಕಸದ ಲೆಕ್ಕದಲ್ಲಿ ಇದು ಯಶಸ್ಸು. ಸುರಕ್ಷತೆಯ ಲೆಕ್ಕದಲ್ಲಿ, ಕಾದರೆ ದಂಡ ಅಗ್ಗವಾಗುತ್ತದೆ ಎಂದು ಚಾಲಕರಿಗೆ ಸರ್ಕಾರವೇ ಕಲಿಸಿದಂತಾಯಿತು.

ತೀವ್ರ ಶಿಕ್ಷೆ ಪ್ರತಿರೋಧವನ್ನೂ ಎಬ್ಬಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ, ಅಪಘಾತದಲ್ಲಿ ಸಾವು ಉಂಟುಮಾಡಿ ವರದಿ ಮಾಡದೆ ಪರಾರಿಯಾದ ಚಾಲಕನಿಗೆ ಹತ್ತು ವರ್ಷದವರೆಗೆ ಸಜೆ ಹೇಳುತ್ತದೆ. 2024ರ ಜನವರಿಯ ಮೊದಲ ದಿನಗಳಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದರು. ನಿಂತರೆ ಜನ ಹೊಡೆದು ಸಾಯಿಸುತ್ತಾರೆ ಎಂಬುದು ಅವರ ಅಳಲು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಕಲಮನ್ನು ಮಾತ್ರ ಹೊರಗಿಡಲಾಯಿತು.

ಕಾನೂನಿನ ಆಚೆ

ತಮಿಳುನಾಡಿನಲ್ಲಿ ರಸ್ತೆ ಸಾವು 2016ರ 17,218ರಿಂದ 2019ರಲ್ಲಿ 10,525ಕ್ಕೆ ಇಳಿಯಿತು. ಈ ಇಳಿಕೆಯ ಬಹುಪಾಲು ಹೊಸ ದಂಡಗಳಿಗಿಂತ ಮೊದಲಿನದು. ಲೈಸೆನ್ಸ್ ಅಮಾನತು ಅಲ್ಲಿ ಜೋರಾಗಿ ನಡೆದಿತ್ತು. ಅದರ ಜೊತೆಗೇ ಬ್ಲ್ಯಾಕ್ ಸ್ಪಾಟ್‌ಗಳ ದುರಸ್ತಿ, 108 ಆಂಬುಲೆನ್ಸ್‌ಗಳ ವೇಗ, ಹೆದ್ದಾರಿ ಬದಿಯ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆ ಎಲ್ಲವೂ ಸೇರಿದ್ದವು. ಪೊಲೀಸ್, ಆರೋಗ್ಯ, ಲೋಕೋಪಯೋಗಿ ಇಲಾಖೆಗಳು ಒಂದೇ ಅಂಕಿಪಟ್ಟಿಯನ್ನು ನೋಡಿ ಕೆಲಸ ಮಾಡಿದ ಅಪರೂಪದ ಉದಾಹರಣೆ ಅದು. 1997ರಲ್ಲಿ ಸ್ವೀಡನ್ ಒಪ್ಪಿಕೊಂಡ 'ವಿಷನ್ ಝೀರೊ' ನೀತಿಯೂ ಚಾಲಕ ತಪ್ಪು ಮಾಡಿಯೇ ಮಾಡುತ್ತಾನೆ ಎಂದು ಒಪ್ಪಿ, ಆ ತಪ್ಪಿಗೆ ಜೀವ ಹೋಗದಂತೆ ರಸ್ತೆ ಕಟ್ಟುವ ಹೊಣೆಯನ್ನು ರಸ್ತೆ ಮಾಡುವವರ ಮೇಲೆ ಹೊರಿಸುತ್ತದೆ.

ಭಾರತದ 2019ರ ತಿದ್ದುಪಡಿಯಲ್ಲೂ ಇಂಥದ್ದೊಂದು ಕಲಂ ಇದೆ. 198ಎ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಗುತ್ತಿಗೆದಾರ, ಸಲಹೆಗಾರ ಅಥವಾ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅದೇ ಕಾಯ್ದೆಯಲ್ಲಿ ಮಗನಿಗೆ ಸ್ಕೂಟರ್ ಕೊಟ್ಟ ತಂದೆಗೆ ಜೈಲುಶಿಕ್ಷೆಯಿದೆ. ಗುಂಡಿ ಬಿದ್ದ, ತಡೆಗೋಡೆಯಿಲ್ಲದ ರಸ್ತೆ ಕೊಟ್ಟವರಿಗೆ ಈ ಕಲಮಿನಡಿ ದಂಡದಾಚೆ ಜೈಲಿಲ್ಲ.